ಕಾಕಾನ ಎಡಗಿವಿ ಮತ್ತು ಯುದ್ಧದ ಸಿನಿಮಾಗಳು

ಊರಿಗೆ ಹೋದಾಗಲೆಲ್ಲ ಕಾಕಾನ ಜೊತೆ ಕೂತು ಒಂದಾದರೂ ಯುದ್ಧದ ಸಿನಿಮಾ ನೋಡುತ್ತೇನೆ. ಸವದತ್ತಿ ತಾಲೂಕಿನ ಹಳ್ಳಿ ನಮ್ಮದು. ಕಾಕಾ ಸೇನೆಯ ಆರ್ಟಿಲರಿಯಲ್ಲಿ, ಅಂದರೆ ತೋಪಿನ ದಳದಲ್ಲಿದ್ದವರು. 1999ರ ಕಾರ್ಗಿಲ್ ಯುದ್ಧದಲ್ಲಿ, ದ್ರಾಸ್‌ನಲ್ಲಿ ಬೋಫೋರ್ಸ್ ತೋಪಿಗೆ ಶೆಲ್ ತುಂಬುವ ತಂಡದಲ್ಲಿದ್ದರು. ಒಂದೊಂದು ಶೆಲ್ ಸುಮಾರು 43 ಕೆಜಿ. ಅದನ್ನು ಹೊತ್ತು ಹೊತ್ತು ಬಂದ ಸೊಂಟ ನೋವು ಹೇಗೋ ವಾಸಿಯಾಯಿತು. ಎಡಗಿವಿ ಮಾತ್ರ ವಾಪಸ್ ಬರಲಿಲ್ಲ. ಅದಕ್ಕೇ ಅವರು ಟಿವಿಗೆ ಬಲಗಿವಿ ಕೊಟ್ಟು, ಸ್ವಲ್ಪ ಓರೆಯಾಗಿ ಕೂರುತ್ತಾರೆ. ವಾಲ್ಯೂಮ್ ಪಕ್ಕದ ಮನೆಗೂ ಕೇಳುವಷ್ಟು ಇರುತ್ತದೆ.

ಮೊನ್ನೆ ಗೆಳೆಯರ ನಡುವೆ ಮಾತು ಬಂತು. ಯಾವ ಯುದ್ಧದ ಸಿನಿಮಾ ನಿಜಕ್ಕೆ ಹತ್ತಿರ ಇದೆ ಅಂತ. ಒಬ್ಬರು ರಕ್ತದ ಬಗ್ಗೆ ಹೇಳಿದರು, ಇನ್ನೊಬ್ಬರು ಯೂನಿಫಾರ್ಮ್, ಟ್ಯಾಂಕ್, ಬಂದೂಕಿನ ಮಾದರಿ ಬಗ್ಗೆ. ನನಗೆ ಅವ್ಯಾವುದೂ ಮುಖ್ಯ ಅನ್ನಿಸಲಿಲ್ಲ. ಕಾಕಾನ ಪಕ್ಕ ಕೂತು ಇಷ್ಟು ವರ್ಷ ನೋಡಿದ ಮೇಲೆ ನನಗೆ ಒಂದು ನಂಬಿಕೆ ಬಂದಿದೆ. ಯುದ್ಧದ ಸಿನಿಮಾ ನಿಜವೋ ಸುಳ್ಳೋ ಅನ್ನೋದು ಮೊದಲು ಗೊತ್ತಾಗೋದು ಕಿವಿಗೆ.

ನಮ್ಮ ಸಿನಿಮಾಗಳಲ್ಲಿ ಹೀರೋ ಸೊಂಟದ ಮೇಲೆ ಬಂದೂಕು ಇಟ್ಟುಕೊಂಡು ಗುಂಡು ಸುರಿಸುತ್ತಾ ಓಡುತ್ತಾನೆ ಅಲ್ವಾ? ಕಾಕಾ ಸುಮ್ನೆ ಬೆರಳು ಮಡಚುತ್ತಾ ಎಣಿಸುತ್ತಾರೆ. ಎಕೆ ಬಂದೂಕಿನ ಮ್ಯಾಗಜಿನ್‌ನಲ್ಲಿ 30 ಗುಂಡು. ನಿಮಿಷಕ್ಕೆ 600ರ ವೇಗದಲ್ಲಿ ಒಂದೇ ಸಮ ಹೊಡೆದರೆ ಮೂರು ಸೆಕೆಂಡಿಗೆ ಖಾಲಿ. ಹೀರೋ ಇನ್ನೂ ಓಡುತ್ತಲೇ ಇರುತ್ತಾನೆ. "ಎಷ್ಟ್ ಗುಂಡ್ ಅದಾವಲೇ ಅದರಾಗ? ಮುಗಿಯೂದ ಇಲ್ಲಲ್ಲ!" ಅಂತಾರೆ. ಗ್ರೆನೇಡ್ ಬಿದ್ದು ಕಿತ್ತಳೆ ಬಣ್ಣದ ಬೆಂಕಿ ಆಕಾಶಕ್ಕೆ ಎದ್ದರೆ ಮುಖ ತಿರುಗಿಸುತ್ತಾರೆ. "ಪೆಟ್ರೋಲ್ ಡಬ್ಬಿ ಒಡದಾರ ನೋಡ." ನಿಜವಾದ ಗ್ರೆನೇಡ್ ಅಂದರೆ ಒಂದು ಕ್ಷಣದ ಮಿಂಚು, ಬೂದು ಹೊಗೆ, ಧೂಳು, ಚೂರುಗಳು. ಅಷ್ಟೇ. ಕಣ್ಣಿಗೆ ಹಬ್ಬ ಆಗುವಂಥದ್ದು ಅದರಲ್ಲಿ ಏನೂ ಇಲ್ಲ.

ಇನ್ನೊಂದು ಸುಳ್ಳು ಎಷ್ಟು ಸಲ ನೋಡಿದ್ದರೂ ನನಗೆ ಹೊಳೆದೇ ಇರಲಿಲ್ಲ. ದೂರದ ಬೆಟ್ಟದ ಮೇಲೆ ಶೆಲ್ ಸಿಡಿಯುತ್ತದೆ, ಅದೇ ಕ್ಷಣಕ್ಕೆ ಢಂ ಅಂತ ಸದ್ದೂ ಬರುತ್ತದೆ. ಎಲ್ಲ ಸಿನಿಮಾದಲ್ಲೂ ಹಾಗೇ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಮೂರು ಕಿಲೋಮೀಟರ್ ಆಚೆ ಸಿಡಿದರೆ ಬೆಳಕು ಈಗಲೇ ಕಾಣುತ್ತದೆ, ಸದ್ದು ಬರೋದು ಸುಮಾರು ಒಂಬತ್ತು ಸೆಕೆಂಡ್ ಆದಮೇಲೆ. ಆ ಒಂಬತ್ತು ಸೆಕೆಂಡಿನ ಮೌನ ಯಾವ ಹಿಂದಿ ಸಿನಿಮಾದಲ್ಲೂ ನನ್ನ ಕಿವಿಗೆ ಬಿದ್ದಿಲ್ಲ. ದ್ರಾಸ್‌ನಲ್ಲಿ ರಾತ್ರಿ ಮಿಂಚು ಕಂಡ ಕೂಡಲೇ ಕಾಕಾ ಮತ್ತು ಜೊತೆಯವರು ಮನಸ್ಸಲ್ಲೇ ಎಣಿಸುತ್ತಿದ್ದರಂತೆ, ಎಷ್ಟು ದೂರ ಅಂತ ಅಂದಾಜು ಮಾಡೋಕೆ.

ಕಾರ್ಗಿಲ್ ಬಗ್ಗೆ ಬಂದ ಸಿನಿಮಾಗಳೆಲ್ಲ ನನಗೆ ಇಷ್ಟವೇ. 2003ರ 'ಎಲ್‌ಒಸಿ ಕಾರ್ಗಿಲ್' ನಾಲ್ಕು ಗಂಟೆಗಿಂತ ಜಾಸ್ತಿ ಇದೆ, ಆದರೂ ಎರಡು ಸಲ ನೋಡಿದ್ದೇನೆ. 2004ರ 'ಲಕ್ಷ್ಯ'ದಲ್ಲಿ ರಾತ್ರಿ ಹೊತ್ತು ಕಡಿದಾದ ಬಂಡೆ ಹತ್ತುವ ಭಾಗ ಇದೆಯಲ್ಲ, ಅಲ್ಲಿ ಮಾತು ಕಮ್ಮಿ. ಹಗ್ಗ, ಬೂಟು, ಉಸಿರು. ಕಾಕಾ ಆ ಭಾಗಕ್ಕೆ ತಲೆಯಾಡಿಸಿದರು. ಆದರೆ ಬಹಳಷ್ಟು ಕಡೆ ಹದಿನಾರು ಸಾವಿರ ಅಡಿ ಮೇಲೆ ನಿಂತು ಒಬ್ಬರು ಇನ್ನೊಬ್ಬರಿಗೆ ಗಂಟಲು ಹರಿಯುವ ಹಾಗೆ ಕೂಗಿ ಡೈಲಾಗ್ ಹೊಡೆಯುತ್ತಾರೆ. "ಅಲ್ಲಿ ಉಸಿರಾಡಾಕ ಆಗೂದಿಲ್ಲ ತಮ್ಮಾ, ಇವ ಭಾಷಣ ಮಾಡಾಕತ್ತಾನ" ಅಂತ ಕಾಕಾನಿಗೆ ಬೇಜಾರು. ಶತ್ರು ಮೇಲೆ ಕೂತಿದ್ದಾನೆ, ನೀವು ಕೆಳಗಿಂದ ಕತ್ತಲಲ್ಲಿ ಹತ್ತುತ್ತಿದ್ದೀರಿ. ಒಂದು ಕಲ್ಲು ಜಾರಿದರೂ ಮೇಲಿನವರಿಗೆ ಗೊತ್ತಾಗುತ್ತದೆ. ಕೆಮ್ಮು ಬಂದರೂ ನುಂಗಬೇಕು. ಅಂಥ ಜಾಗದಲ್ಲಿ ಕೂಗೋದು ಎಲ್ಲಿಂದ ಬಂತು?

ತೋಪಿನವರು ಸಿನಿಮಾದಲ್ಲಿ ಹೆಚ್ಚಾಗಿ ಕಾಣೋದೇ ಇಲ್ಲ. ಇದು ನನ್ನ ಹಳೇ ಸಂಕಟ. ದ್ರಾಸ್ ಹತ್ತಿರದ ತೋಲೋಲಿಂಗ್ ಬೆಟ್ಟದ ಮೇಲೆ ಕೂತರೆ ಶ್ರೀನಗರ-ಲೇಹ್ ಹೆದ್ದಾರಿ ಕೈಯಳತೆಯಲ್ಲಿ ಕಾಣುತ್ತದೆ. ಅದಕ್ಕೇ ಅಲ್ಲಿ ಅಷ್ಟು ಜಗಳ. ಆ ಹೆದ್ದಾರಿಯ ಪಕ್ಕ ನಿಂತೇ ಬೋಫೋರ್ಸ್‌ಗಳು ಬೆಟ್ಟದ ನೆತ್ತಿಗೆ ಹೊಡೆದವು. ಕಾಲಾಳುಗಳು ಹತ್ತೋಕೆ ದಾರಿ ಮಾಡಿಕೊಟ್ಟಿದ್ದು ಅವು. ಜೂನ್ 13ಕ್ಕೆ ತೋಲೋಲಿಂಗ್, ಜುಲೈ 4ಕ್ಕೆ ಟೈಗರ್ ಹಿಲ್ ನಮ್ಮವರ ಕೈಗೆ ಬಂತು. ತೋಪಿನ ಪಕ್ಕ ಇರುವವನಿಗೆ ತಾನು ಹೊಡೆದಿದ್ದು ಎಲ್ಲಿ ಬಿತ್ತು ಅನ್ನೋದು ಕಣ್ಣಿಗೆ ಕಾಣಲ್ಲ. ರೇಡಿಯೋ ಸೆಟ್‌ನಲ್ಲಿ ಒಂದು ದನಿ ಹೇಳುತ್ತದೆ, ಇಷ್ಟು ಎಡಕ್ಕೆ, ಇಷ್ಟು ಮೇಲಕ್ಕೆ. ಕಿವಿಗೆ ಹತ್ತಿ, ಬಾಯಿ ತೆರೆದು ನಿಲ್ಲಬೇಕು, ಇಲ್ಲದಿದ್ದರೆ ಒತ್ತಡಕ್ಕೆ ಕಿವಿಯ ತಮಟೆ ಹರಿಯುತ್ತದೆ. ಕಾಕಾ ಹತ್ತಿಯನ್ನೂ ಇಟ್ಟಿದ್ದರು, ಬಾಯಿಯನ್ನೂ ತೆರೆದಿದ್ದರು. ಆದರೂ ಹೋಯಿತು. ಅವರು ಕಂಡ ಯುದ್ಧ ಅಂದರೆ ಧೂಳು, ಶೆಲ್ ಪೆಟ್ಟಿಗೆ, ರೇಡಿಯೋದ ಆ ದನಿ. ಅದನ್ನು ಇಟ್ಟುಕೊಂಡೇ ಒಂದು ಇಡೀ ಸಿನಿಮಾ ಮಾಡಬಹುದು. ಯಾರಾದರೂ ಮಾಡಲಿ ಅಂತ ನನಗೆ ತುಂಬಾ ಆಸೆ ಇದೆ.

ಈಗ ಅವರು ಎದ್ದು ಕೂತ ಸಿನಿಮಾ ಬಗ್ಗೆ ಹೇಳಬೇಕು. ಸ್ಪೀಲ್‌ಬರ್ಗ್‌ನ 'ಸೇವಿಂಗ್ ಪ್ರೈವೇಟ್ ರಯಾನ್', 1998ರದ್ದು. 1944ರ ಜೂನ್ 6ರಂದು ಅಮೆರಿಕದ ಸೈನಿಕರು ಫ್ರಾನ್ಸ್‌ನ ಒಮಾಹಾ ಬೀಚ್‌ಗೆ ಇಳಿಯುವ ದೃಶ್ಯ ಎಲ್ಲರಿಗೂ ಗೊತ್ತು. ಅದನ್ನು ಚಿತ್ರೀಕರಿಸಿದ್ದು ಐರ್ಲೆಂಡಿನ ಕಡಲ ದಂಡೆಯಲ್ಲಿ. ಆ ಇಪ್ಪತ್ತು ಚಿಲ್ಲರೆ ನಿಮಿಷದಲ್ಲಿ ಹಿನ್ನೆಲೆ ಸಂಗೀತ ಇಲ್ಲವೇ ಇಲ್ಲ. ಪಿಟೀಲು ಅಳಲ್ಲ, ಡ್ರಮ್ ಗುಡುಗಲ್ಲ. ಗುಂಡು ಕಬ್ಬಿಣಕ್ಕೆ ಬಡಿಯೋದು, ಮರಳಿಗೆ ಹೊಗೋದು, ನೀರಿಗೆ ಬೀಳೋದು, ಎಲ್ಲವೂ ಬೇರೆ ಬೇರೆ ಕೇಳುತ್ತದೆ. ಅದರ ನಡುವೆ ಕ್ಯಾಪ್ಟನ್ ಪಾತ್ರದ ಟಾಮ್ ಹ್ಯಾಂಕ್ಸ್ ದಂಡೆಗೆ ಬಂದು ಕುಸಿಯುತ್ತಾನೆ. ಪಕ್ಕದಲ್ಲೇ ಏನೋ ಸಿಡಿಯುತ್ತದೆ. ತಕ್ಷಣ ಎಲ್ಲ ಸದ್ದೂ ನೀರಿನೊಳಗೆ ಮುಳುಗಿದ ಹಾಗೆ ಮಂಕಾಗುತ್ತದೆ. ಎದುರಿನವನ ಬಾಯಿ ಆಡುತ್ತಿದೆ, ಮಾತು ಕೇಳುತ್ತಿಲ್ಲ.

ಕಾಕಾ ರಿಮೋಟ್ ಕೆಳಗಿಟ್ಟರು. ಎಡಗೈ ತಾನಾಗಿ ಎಡಗಿವಿಯ ಮೇಲೆ ಹೋಯಿತು. "ಇದ. ಹಿಂಗ ಆಗ್ತೈತಿ" ಅಂದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒಂದು ಸಲ, "ಖರೇ ಹಿಂಗ ಆಗ್ತೈತಿ." ಅಷ್ಟು ವರ್ಷದಲ್ಲಿ ಆ ಕಿವಿಯ ಬಗ್ಗೆ ಅವರು ನನ್ನ ಎದುರು ಆಡಿದ ಮೊದಲ ಮಾತು ಅದು. ಅದಕ್ಕೆ ಮುಂಚೆ ಯಾರಾದರೂ ಕೇಳಿದರೆ ವಯಸ್ಸಾಯಿತು ಅಂತಲೇ ಹೇಳಿ ಮುಗಿಸುತ್ತಿದ್ದರು.

ಆ ಸಿನಿಮಾದಲ್ಲೂ ತಪ್ಪುಗಳಿವೆ. ನೀರಿನೊಳಗೆ ಮುಳುಗಿದವರಿಗೂ ಗುಂಡು ತಗಲಿ ಸಾಯೋದನ್ನು ತೋರಿಸಿದ್ದಾರೆ. ರೈಫಲ್ ಗುಂಡು ನೀರಿಗೆ ಬಿದ್ದರೆ ಒಂದು ಮೀಟರ್ ಆಳ ದಾಟುವಷ್ಟರಲ್ಲೇ ಶಕ್ತಿ ಕಳೆದುಕೊಳ್ಳುತ್ತದೆ. ಆಮೇಲೆ ಶತ್ರು ಪ್ರದೇಶದ ಬಯಲಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡು ಮಾತಾಡುತ್ತಾ ನಡೆಯುತ್ತಾರೆ, ಒಂದೇ ಮೆಷಿನ್ ಗನ್ನಿಗೆ ಎಲ್ಲರೂ ಹೋಗಿಬಿಡುತ್ತಾರೆ ಹಾಗೆ ನಡೆದರೆ. ಆದರೂ ಆ ಒಂದು ನಿಮಿಷದ ಮಂಕು ಸದ್ದಿಗೆ ನಾನು ಅವೆಲ್ಲ ಮನ್ನಿಸುತ್ತೇನೆ.

ಅದಕ್ಕಿಂತ ಹದಿಮೂರು ವರ್ಷ ಮುಂಚೆಯೇ ಇದನ್ನು ಇನ್ನೂ ಆಳವಾಗಿ ಮಾಡಿದ ಸಿನಿಮಾ ಇದೆ. ಸೋವಿಯತ್ ನಿರ್ದೇಶಕ ಎಲೆಮ್ ಕ್ಲಿಮೊವ್‌ನ 'ಕಮ್ ಆಂಡ್ ಸೀ', 1985. 1943ರ ಬೆಲಾರೂಸ್. ಕಾಡಿಗೆ ಬಾಂಬ್ ಬೀಳುತ್ತದೆ, ಫ್ಲ್ಯೋರಾ ಅನ್ನುವ ಹುಡುಗನ ಕಿವಿಯಲ್ಲಿ ಕೀಂ ಅನ್ನುವ ಸದ್ದು ಶುರುವಾಗುತ್ತದೆ. ಅದು ಬೇಗ ನಿಲ್ಲಲ್ಲ. ಅವನ ಜೊತೆ ನಾವೂ ಆ ಕೀಂ ಸದ್ದಿನಲ್ಲೇ ಇರಬೇಕು. ಚಿತ್ರಕಥೆ ಬರೆದವರಲ್ಲಿ ಒಬ್ಬರಾದ ಅಲೆಸ್ ಅದಮೊವಿಚ್ ಹದಿಹರೆಯದಲ್ಲೇ ಕಾಡಿನ ಗೆರಿಲ್ಲಾ ಪಡೆ ಸೇರಿದ್ದವರು. ಕೊನೆಯಲ್ಲಿ ಪರದೆಯ ಮೇಲೆ ಒಂದು ಸಂಖ್ಯೆ ಬರುತ್ತದೆ. ನಾಜಿಗಳು ಜನರ ಸಮೇತ ಸುಟ್ಟುಹಾಕಿದ ಬೆಲಾರೂಸಿನ 628 ಹಳ್ಳಿಗಳು. ಇದನ್ನು ನಾನು ಒಬ್ಬನೇ ನೋಡಿದೆ. ಕಾಕಾನಿಗೆ ತೋರಿಸಿಲ್ಲ, ತೋರಿಸೋದೂ ಇಲ್ಲ.

ಕ್ರಿಸ್ಟೋಫರ್ ನೋಲನ್‌ನ 'ಡಂಕರ್ಕ್' ಕೂಡ ಕಿವಿಯ ಸಿನಿಮಾನೇ. 1940ರಲ್ಲಿ ಫ್ರಾನ್ಸಿನ ಕಡಲ ದಂಡೆಯಲ್ಲಿ ಸಿಕ್ಕಿಬಿದ್ದ ಬ್ರಿಟಿಷ್ ಸೈನಿಕರ ಕಥೆ. ಕೆಳಗಿದ್ದವರನ್ನು ಹೆದರಿಸೋಕಂತಲೇ ಜರ್ಮನ್ ಸ್ಟೂಕಾ ವಿಮಾನಗಳಿಗೆ ಸೈರನ್ ಕಟ್ಟುತ್ತಿದ್ದರು. ಆ ಚೀರಾಟ ಅದರಲ್ಲಿ ಚೆನ್ನಾಗಿ ಬಂದಿದೆ. ಆದರೆ ಆಗ ಫ್ರಾನ್ಸಿನಲ್ಲಿ ನಮ್ಮವರೂ ಇದ್ದರು, ಹೇಸರಗತ್ತೆಗಳ ಮೇಲೆ ಸಾಮಾನು ಸಾಗಿಸುವ ಭಾರತೀಯ ತುಕಡಿಗಳು. ಅವರ ಒಂದು ಮುಖವೂ ಸಿನಿಮಾದಲ್ಲಿಲ್ಲ. ಅದು ನನಗೆ ನೋವಾಯಿತು.

ಇನ್ನು 'ಬಾರ್ಡರ್'. 1997ರ ಈ ಸಿನಿಮಾ ನೋಡಿ ಬೆಳೆದವನು ನಾನು. ಆಗಸ್ಟ್ 15, ಜನವರಿ 26 ಬಂದರೆ ಟಿವಿಯಲ್ಲಿ ಅದೇ. ಈಗಲೂ ಹಾಡು ಶುರುವಾದರೆ ಚಾನೆಲ್ ಬದಲಾಯಿಸೋಕೆ ಮನಸ್ಸು ಬರಲ್ಲ. ಪತ್ರಗಳು ಬಂದಾಗ ಜವಾನರೆಲ್ಲ ಮುಗಿಬೀಳುವ ಹಾಡಿಗೆ ಕಾಕಾ ಪ್ರತಿ ಸಲ ಕಣ್ಣು ಒರೆಸಿಕೊಳ್ಳುತ್ತಾರೆ. ಅದು ಪೂರ್ತಿ ನಿಜ ಅಂತಾರೆ. ನಮ್ಮ ಅಜ್ಜಿ ಯಾರ ಕೈಲೋ ಬರೆಸಿದ ಇನ್‌ಲ್ಯಾಂಡ್ ಲೆಟರ್‌ಗಳು, ಮೇಲೆ 'ಕೇರಾಫ್ 56 ಎಪಿಒ' ಅನ್ನುವ ಸೇನೆಯ ಅಂಚೆ ವಿಳಾಸ, ಇವತ್ತಿಗೂ ಅವರ ಟ್ರಂಕಿನಲ್ಲಿವೆ. ಮಡಿಕೆಗಳಲ್ಲಿ ಹರಿದುಹೋಗಿವೆ.

ಆದರೆ ಆ ಸಿನಿಮಾ ಮಾಡಿದ ಒಂದು ತಪ್ಪನ್ನು ನಾನು ಒಪ್ಪಲ್ಲ. ಸಿನಿಮಾ ಇರೋದು 1971ರ ಪಾಕಿಸ್ತಾನದ ಜೊತೆಗಿನ ಯುದ್ಧದ ಬಗ್ಗೆ. ಆ ವರ್ಷ ಡಿಸೆಂಬರ್ 4ರ ರಾತ್ರಿ ರಾಜಸ್ಥಾನದ ಗಡಿಯ ಲೋಂಗೇವಾಲಾದಲ್ಲಿ ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ ಜೊತೆ 23ನೇ ಪಂಜಾಬ್ ಬೆಟಾಲಿಯನ್‌ನ ಸುಮಾರು 120 ಜನ ಇದ್ದರು. ಎದುರಿಗೆ ಟ್ಯಾಂಕುಗಳ ಸಾಲು. ಮುಳ್ಳುತಂತಿ ಕಂಡು ಮುಂದೆ ನೆಲಬಾಂಬ್ ಹುಗಿದಿದ್ದಾರೆ ಅಂತ ಪಾಕಿಸ್ತಾನಿಗಳು ಗಂಟೆಗಟ್ಟಲೆ ನಿಂತರು. ಮೆತ್ತನೆ ಮರಳಲ್ಲಿ ಟ್ಯಾಂಕುಗಳು ಹೂತವು. ನಮ್ಮ ಹಂಟರ್ ವಿಮಾನಗಳಿಗೆ ಕತ್ತಲಲ್ಲಿ ಹೊಡೆಯೋಕೆ ಆಗುತ್ತಿರಲಿಲ್ಲ, ಬೆಳಕು ಹರಿಯುವವರೆಗೆ ಕಾಯಬೇಕಿತ್ತು. ಬೆಳಗಾದ ಮೇಲೆ ಜೈಸಲ್ಮೇರ್‌ನಿಂದ ಬಂದು ಅವು ಟ್ಯಾಂಕುಗಳನ್ನು ಒಂದೊಂದಾಗಿ ಹೊಡೆದವು. ನಮ್ಮ ಕಡೆ ತೀರಿಕೊಂಡವರು ಇಬ್ಬರು. ಸಿನಿಮಾದಲ್ಲಿ ಸಾಲುಸಾಲಾಗಿ ಸಾಯುತ್ತಾರೆ. ಸುನೀಲ್ ಶೆಟ್ಟಿ ಮಾಡಿದ ಭೈರೋನ್ ಸಿಂಗ್ ಪಾತ್ರವೂ ಸಾಯುತ್ತದೆ. ನಿಜವಾದ ಭೈರೋನ್ ಸಿಂಗ್ ರಾಠೋಡ್ ಬಿಎಸ್‌ಎಫ್‌ನವರು. ಆ ರಾತ್ರಿ ಬದುಕಿದರು, ಸೇನಾ ಪದಕ ಪಡೆದರು, ತೀರಿಕೊಂಡಿದ್ದು 2022ರ ಡಿಸೆಂಬರ್‌ನಲ್ಲಿ. ಅಂದರೆ ಸಿನಿಮಾ ಬಂದ ಮೇಲೂ ಇಪ್ಪತ್ತೈದು ವರ್ಷ ಬದುಕಿದ್ದರು. ಬದುಕಿರುವ ಮನುಷ್ಯನನ್ನು ದೇಶದ ಎದುರು ಸಾಯಿಸಿ ಹಾಡು ಹಾಕೋದು ಯಾಕೆ ಬೇಕಿತ್ತು? ಸತ್ತರೆ ಮಾತ್ರ ವೀರನಾ? ಒಂದು ಮುಳ್ಳುತಂತಿ, ಒಂದು ರಾತ್ರಿಯ ಕಾಯುವಿಕೆ, ಬೆಳಗಿನ ಜಾವ ದೂರದಿಂದ ಬರುವ ವಿಮಾನದ ಸದ್ದು. ಇದಕ್ಕಿಂತ ದೊಡ್ಡ ಕಥೆ ಇನ್ನೇನು ಬೇಕು ಹೇಳಿ.

ಕನ್ನಡದ ಮಾತು ಬಂದರೆ 1990ರ 'ಮುತ್ತಿನ ಹಾರ' ಬಿಡೋಕಾಗಲ್ಲ. ರಾಜೇಂದ್ರಸಿಂಗ್ ಬಾಬು ನಿರ್ದೇಶನ, ಕೊಡಗಿನ ಯೋಧ ಅಚ್ಚಪ್ಪನಾಗಿ ವಿಷ್ಣುವರ್ಧನ್, ಜೊತೆಗೆ ಸುಹಾಸಿನಿ. ಅದರ ಯುದ್ಧದ ಭಾಗಗಳನ್ನು ಬಂದೂಕಿನ ಲೆಕ್ಕದಲ್ಲಿ ಅಳೆಯೋಕೆ ನನಗೆ ಇಷ್ಟ ಇಲ್ಲ. ಅದು ನಮ್ಮ ಕಾಕುವಿನ, ಅಂದರೆ ಕಾಕಾನ ಹೆಂಡತಿಯ ಸಿನಿಮಾ. ಅವರು ನೋಡೋದು ಮನೆಯಲ್ಲಿ ಉಳಿದ ಹೆಂಗಸನ್ನು. 1999ರಲ್ಲಿ ನಮ್ಮ ಮನೆಯಲ್ಲಿ ಫೋನ್ ಇರಲಿಲ್ಲ. ಮಧ್ಯಾಹ್ನ ಓಣಿಯಲ್ಲಿ ಪೋಸ್ಟ್‌ಮನ್ ಸೈಕಲ್ ಬೆಲ್ ಕೇಳಿದರೆ ಕಾಕು ಒಲೆ ಮುಂದಿಂದ ಏಳುತ್ತಿರಲಿಲ್ಲವಂತೆ. ಬೆಲ್ ನಮ್ಮ ಬಾಗಿಲಲ್ಲಿ ನಿಲ್ಲುತ್ತೋ, ದಾಟಿ ಹೋಗುತ್ತೋ ಅಂತ ಅಲ್ಲೇ ಕೂತು ಕೇಳುತ್ತಿದ್ದರು. "ನಿಂತ್ರ ಎದಿ ಧಸಕ್ ಅಂತಿತ್ತು. ದಾಟಿ ಹೋದ್ರೂ ಧಸಕ್ ಅಂತಿತ್ತು" ಅಂತ ಒಂದು ಸಲ ಹೇಳಿದರು, ರೊಟ್ಟಿ ಬಡಿಯುತ್ತಲೇ.

ಇಷ್ಟೆಲ್ಲ ಆದಮೇಲೆ ನನ್ನ ಮೆಚ್ಚಿನ ಸಿನಿಮಾ ಯಾವುದು ಅಂತ ಕೇಳಿದರೆ, 'ದಾಸ್ ಬೂಟ್'. 1981ರ ಜರ್ಮನ್ ಸಿನಿಮಾ, ವೋಲ್ಫ್‌ಗಾಂಗ್ ಪೀಟರ್ಸನ್ ನಿರ್ದೇಶನ. ಎರಡನೇ ಮಹಾಯುದ್ಧದ ಒಂದು ಸಬ್‌ಮರೀನ್ ಕಥೆ. ಒಳಗೆ ನಲವತ್ತಕ್ಕೂ ಹೆಚ್ಚು ಜನ, ಒಬ್ಬ ಎದ್ದ ಹಾಸಿಗೆಯಲ್ಲಿ ಇನ್ನೊಬ್ಬ ಮಲಗಬೇಕು. ಎರಡು ಟಾಯ್ಲೆಟ್‌ನಲ್ಲಿ ಒಂದರಲ್ಲಿ ಆಹಾರ ತುಂಬಿಟ್ಟಿರುತ್ತಾರೆ. ನಟರ ಗಡ್ಡ ಬೆಳೆಯಲಿ, ಮುಖ ಬಿಳಿಚಲಿ ಅಂತ ಕಥೆಯ ಕ್ರಮದಲ್ಲೇ ಚಿತ್ರೀಕರಿಸಿ, ಬಿಸಿಲು ತಾಗದ ಹಾಗೆ ಇಟ್ಟಿದ್ದರಂತೆ. ಹೊರಗೆ ಏನಾಗುತ್ತಿದೆ ಅಂತ ಯಾರಿಗೂ ಕಾಣಲ್ಲ. ಎಲ್ಲರೂ ತಲೆ ಎತ್ತಿ ಮೇಲಕ್ಕೆ ಕಿವಿ ಕೊಡುತ್ತಾರೆ. ಮೇಲೆ ಹಡಗಿನ ಪ್ರೊಪೆಲ್ಲರ್ ಸದ್ದು ಹತ್ತಿರ ಬರುತ್ತದೆ. ಪಿಸುಮಾತು ಕೂಡ ನಿಲ್ಲುತ್ತದೆ. ಆಮೇಲೆ ಡೆಪ್ತ್ ಚಾರ್ಜ್, ನೀರಿನಾಳದಲ್ಲಿ ಸಿಡಿಯುವ ಬಾಂಬ್. ಜರ್ಮನ್ ಸಬ್‌ಮರೀನ್‌ಗಳಲ್ಲಿ ಹೋದ 40,000 ಜನರಲ್ಲಿ 30,000 ಜನ ವಾಪಸ್ ಬರಲಿಲ್ಲ ಅಂತ ಸಿನಿಮಾ ಶುರುವಿನಲ್ಲೇ ಹೇಳುತ್ತದೆ. ಅವರು ಹಿಟ್ಲರನ ಪರ ಹೋರಾಡಿದವರು ಅನ್ನೋದನ್ನು ನಾನು ಮರೆಯಲ್ಲ. ಆದರೂ ಆ ಪೆಟ್ಟಿಗೆಯೊಳಗೆ ಕೂತು ಕೇಳುವಾಗ ನನ್ನ ಉಸಿರೂ ನಿಲ್ಲುತ್ತದೆ.

ಇದನ್ನು ಕಾಕಾ ಇನ್ನೂ ನೋಡಿಲ್ಲ. ಮುಂದಿನ ತಿಂಗಳು ಊರಿಗೆ ಹೋಗುತ್ತಿದ್ದೇನೆ, ಪೆನ್‌ಡ್ರೈವ್‌ಗೆ ಹಾಕಿಕೊಂಡಿದ್ದೇನೆ. ಸಬ್‌ಟೈಟಲ್ ಇಂಗ್ಲಿಷ್‌ನಲ್ಲಿದೆ, ಅವರಿಗೆ ಓದೋಕೆ ಕಷ್ಟ. ಮಾತು ಬಂದಾಗಲೆಲ್ಲ ನಾನು ಕನ್ನಡದಲ್ಲಿ ಹೇಳಬೇಕು. ಹೇಳಿದ್ದು ಕೇಳಬೇಕು ಅಂದರೆ ಅವರ ಬಲಕ್ಕೆ ಕೂರಬೇಕು. ಪ್ರೊಪೆಲ್ಲರ್ ಸದ್ದು ಶುರುವಾದ ಕೂಡಲೇ ಮಾತು ನಿಲ್ಲಿಸಿಬಿಡುತ್ತೇನೆ.