ಮುತ್ತಜ್ಜನ ಬಲಗಿವಿ

ಹಸ್ತಪ್ರತಿ ಸಿದ್ಧವಾಗಿದೆ ಎಂದು ಮುದ್ರಣಾಲಯಕ್ಕೆ ಮಾತು ಕೊಟ್ಟ ರಾತ್ರಿಯೇ ಅದರೊಳಗಿನ ಚಿತ್ರಗಳು ಮಾಯವಾಗುವುದೇಕೆ ಎಂಬುದನ್ನು ಪುಸ್ತಕ ಬರೆಯುವ ತಂತ್ರಾಂಶ ತಯಾರಿಸಿದವರು ಒಮ್ಮೆಯಾದರೂ ವಿವರಿಸಬೇಕು. ಅಧ್ಯಾಯಗಳನ್ನು ಬಿಡಿಬಿಡಿಯಾಗಿ ಬರೆದು, ಎಡಬದಿಯ ಪಟ್ಟಿಯಲ್ಲಿ ಜೋಡಿಸಿ, ಕೊನೆಗೆ ‘ಕಂಪೈಲ್’ ಎಂಬ ಗುಂಡಿಯನ್ನು ಒತ್ತಿದರೆ ಇಡೀ ಪುಸ್ತಕ ಒಂದೇ ಪಿಡಿಎಫ್ ಆಗಿ ಹೊರಬರುತ್ತದೆ ಎನ್ನುವುದು ಇದರ ಹೆಗ್ಗಳಿಕೆ. ನಮ್ಮ ಮನೆತನದ ವಂಶಾವಳಿಯೂ ಹಾಗೆಯೇ ಹೊರಬಂತು. ಬರೆಯುವ ಕಿಟಕಿಯಲ್ಲಿ ಗಂಭೀರವಾಗಿ ಕುಳಿತಿದ್ದ ಹಿರಿಯರಲ್ಲಿ ಅರ್ಧದಷ್ಟು ಮಂದಿ ಮಾತ್ರ ಜೊತೆಗೆ ಬರಲಿಲ್ಲ. ಅವರಿದ್ದ ಜಾಗದಲ್ಲಿ ಖಾಲಿ ಚೌಕ, ಚೌಕದ ಕೆಳಗೆ ‘ಮೈಸೂರು ಪೇಟ ಧರಿಸಿದ ಮುತ್ತಜ್ಜ’ ಎಂಬ ಅಡಿಬರಹ.

ಲಿಂಕ್ ಮಾಡಿ ಸೇರಿಸಿದ ಚಿತ್ರವನ್ನು ತಂತ್ರಾಂಶವು ತನ್ನ ಹೊಟ್ಟೆಯೊಳಗೆ ಇಟ್ಟುಕೊಳ್ಳುವುದಿಲ್ಲ. ಅದು ಯಾವ ಫೋಲ್ಡರಿನಲ್ಲಿದೆ ಎಂಬ ವಿಳಾಸವನ್ನಷ್ಟೇ ಬರೆದಿಟ್ಟುಕೊಳ್ಳುತ್ತದೆ. ಮಗ ನನ್ನ ಮೇಲಿನ ಪ್ರೀತಿಯಿಂದ ಡೆಸ್ಕ್‌ಟಾಪ್ ಸ್ವಚ್ಛಗೊಳಿಸಿ ಎಲ್ಲ ಚಿತ್ರಗಳನ್ನೂ ಬೇರೊಂದು ಫೋಲ್ಡರಿಗೆ ಸಾಗಿಸಿದ್ದ. ಮನೆ ಬದಲಿಸಿದವರ ಹಳೆಯ ವಿಳಾಸಕ್ಕೆ ಮದುವೆಯ ಕರೆಯೋಲೆ ಹೋದಂತೆ, ಕಂಪೈಲ್ ಎಂಬುದು ಖಾಲಿ ಬಾಗಿಲು ಬಡಿದು ಬರಿಗೈಯಲ್ಲಿ ಹಿಂದಿರುಗಿತ್ತು. ಬಂದು ಹೇಳುವ ಸೌಜನ್ಯವೂ ಅದಕ್ಕಿರಲಿಲ್ಲ.

ಎಲ್ಲವನ್ನೂ ಲಿಂಕ್ ಬಿಟ್ಟು ಹಸ್ತಪ್ರತಿಯೊಳಗೇ ಸೇರಿಸಿ ಮತ್ತೆ ಗುಂಡಿ ಒತ್ತಿದೆ. ಈ ಬಾರಿ ಮುತ್ತಜ್ಜ ಬಂದ, ಆದರೆ ಪುಟದ ತುಂಬ ಅವನ ಬಲಗಿವಿಯೊಂದೇ ಬಂತು. ಚಿತ್ರದ ಅಗಲ 1600 ಪಿಕ್ಸೆಲ್. ಇಂಚಿಗೆ ಎಷ್ಟು ಚುಕ್ಕಿ ಎಂಬ ಮಾಹಿತಿ ಅದರಲ್ಲಿ ಇಲ್ಲದ ಕಾರಣ ತಂತ್ರಾಂಶವು 72 ಎಂದು ತಾನೇ ತೀರ್ಮಾನಿಸಿ, ಇಪ್ಪತ್ತೆರಡು ಇಂಚು ಅಗಲದ ಮುತ್ತಜ್ಜನನ್ನು ಐದೂವರೆ ಇಂಚು ಅಗಲದ ಡೆಮಿ 1/8 ಪುಟದ ಮೇಲೆ ಇಳಿಸಿತ್ತು. ಅದೇ ಚಿತ್ರಕ್ಕೆ ಮುದ್ರಣದವರು ಕೇಳುವ 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕಿ, ಎಂದು ನಮೂದಿಸಿದೊಡನೆ ಆತ ಐದಿಂಚು ಚಿಲ್ಲರೆಗೆ ಕುಗ್ಗಿ, ಪೇಟ ಸಮೇತ ಪುಟದೊಳಗೆ ಕುಳಿತ. ಒಂದು ಪಿಕ್ಸೆಲ್ಲೂ ಬದಲಾಗಲಿಲ್ಲ ಎಂಬುದನ್ನು ಹೆಂಡತಿಗೆ ವಿವರಿಸಲು ಹೋದೆ. ಆಕೆ ದೀಪ ಆರಿಸಿದಳು.

ಇನ್ನು ಚಿಕ್ಕಪ್ಪನ ವಿಷಯ. ಹಳೆಯ ಭಾವಚಿತ್ರಗಳೆಲ್ಲ ತೀರ್ಥಹಳ್ಳಿಯ ಸಮೀಪದ ಮೂಲಮನೆಯ ಜಗಲಿಯಲ್ಲಿ ಗಾಜಿನ ಚೌಕಟ್ಟಿನೊಳಗೆ ನೇತಾಡುತ್ತಿವೆ. ಅವುಗಳ ಕಾವಲಿಗೆ ಚಿಕ್ಕಪ್ಪನಿದ್ದಾರೆ. ಚೌಕಟ್ಟು ಬಿಚ್ಚಿ ಸ್ಕ್ಯಾನ್ ಮಾಡಿಸಿ ಎಂದರೆ ಮೊಳೆ ತುಕ್ಕು ಹಿಡಿದಿದೆ ಎನ್ನುತ್ತಾರೆ, ತುಕ್ಕಿಗೆ ಉಪಾಯ ಹೇಳಿದರೆ ಪಿತೃಗಳಿಗೆ ಸಿಟ್ಟು ಬರುತ್ತದೆ ಎನ್ನುತ್ತಾರೆ. ಹೀಗಾಗಿ ಅವರು ಗೋಡೆಯ ಎದುರು ನಿಂತು, ಮೊಬೈಲನ್ನು ಎರಡೂ ಕೈಗಳಲ್ಲಿ ಎತ್ತಿ ಹಿಡಿದು, ಫ್ಲ್ಯಾಶ್ ಹಾಕಿ ತೆಗೆದು ಕಳುಹಿಸುತ್ತಾರೆ. ಪ್ರತಿ ಹಿರಿಯರ ಹಣೆಯ ಮೇಲೂ ಒಂದು ಸೂರ್ಯ. ಪ್ರತಿ ಗಾಜಿನಲ್ಲೂ ಬನಿಯನ್ ಧರಿಸಿ, ಹೆಗಲಿಗೆ ಟವೆಲ್ ಹಾಕಿದ ಚಿಕ್ಕಪ್ಪ. ನಮ್ಮ ವಂಶದ ನಾಲ್ಕು ತಲೆಮಾರಿನ ಎದೆಯಲ್ಲೂ ಅವರು ನೆಲೆಸಿದ್ದಾರೆ. ಸ್ವಲ್ಪ ಪಕ್ಕಕ್ಕೆ ಸರಿದು ತೆಗೆಯಿರಿ ಎಂದು ಬೇಡಿಕೊಂಡರೆ, “ಎಂಥ ಮಾರಾಯ, ಕಣ್ಣಿಗೆ ಚೆನ್ನಾಗೇ ಕಾಣ್ತದಲ್ಲ” ಎನ್ನುತ್ತಾರೆ. ಮರುದಿನ ಕಳುಹಿಸಿದ ಚಿತ್ರದಲ್ಲಿ ಬನಿಯನ್ ಮಾತ್ರ ಬದಲಾಗಿರುತ್ತದೆ.

ಮೊಬೈಲ್ ಸಂದೇಶದಲ್ಲಿ ಚಿತ್ರ ಕುಗ್ಗುತ್ತದೆ, ‘ಡಾಕ್ಯುಮೆಂಟ್’ ಎಂದು ಆಯ್ದು ಕಳುಹಿಸಿ ಎಂದು ಅವರಿಗೆ ಕಲಿಸಲು ಒಂದು ಭಾನುವಾರವೇ ಬೇಕಾಯಿತು. ಅದರ ಫಲವಾಗಿ ಹೊಸ ತೊಂದರೆ ಬಂತು. ಮೊಬೈಲನ್ನು ಹೇಗೆ ಹಿಡಿದರೂ ಕ್ಯಾಮೆರಾ ಬಹುಮಟ್ಟಿಗೆ ಒಂದೇ ದಿಕ್ಕಿನಲ್ಲಿ ಚಿತ್ರವನ್ನು ಬರೆದುಕೊಂಡು, ‘ತೋರಿಸುವಾಗ 90 ಡಿಗ್ರಿ ತಿರುಗಿಸಿ’ ಎಂಬ ಚೀಟಿಯನ್ನು ಕಡತದೊಳಗೆ ಇಡುತ್ತದೆ. ಬರೆಯುವ ಕಿಟಕಿ ಆ ಚೀಟಿಯನ್ನು ಓದುತ್ತದೆ, ಕಂಪೈಲ್ ಓದುವುದಿಲ್ಲ. ಪರಿಣಾಮವಾಗಿ ನಮ್ಮ ಕುಟುಂಬದ ಏಕೈಕ ಗುಂಪುಚಿತ್ರದಲ್ಲಿ, ‘ಕುಳಿತವರು ಎಡದಿಂದ ಬಲಕ್ಕೆ’, ‘ನಿಂತವರು ಎಡದಿಂದ ಬಲಕ್ಕೆ’ ಎಂಬ ಅಡಿಬರಹಗಳ ಮೇಲೆ, ಕುಳಿತವರೂ ನಿಂತವರೂ ಒಟ್ಟಾಗಿ ಮಲಗಿದ್ದರು. ಪ್ರತಿ ಚಿತ್ರವನ್ನೂ ಬೇರೆಡೆ ತೆರೆದು, ತಿರುಗಿಸಿ, ಹೊಸದಾಗಿ ಉಳಿಸಿ, ಮತ್ತೆ ಸೇರಿಸುವುದರ ಹೊರತು ದಾರಿಯಿರಲಿಲ್ಲ.

ಅಚ್ಚುಮೊಳೆಯ ಕಾಲದಲ್ಲಿ ಒಂದು ಭಾವಚಿತ್ರ ಬೇಕೆಂದರೆ ಸತುವಿನ ತಗಡಿನಲ್ಲಿ ಹಾಫ್‌ಟೋನ್ ಬ್ಲಾಕ್, ಅಂದರೆ ಚಿತ್ರವನ್ನು ಸಣ್ಣ ಚುಕ್ಕಿಗಳಲ್ಲಿ ಮೂಡಿಸುವ ಅಚ್ಚು, ಮಾಡಿಸಿ, ಅಕ್ಷರದ ಎತ್ತರಕ್ಕೆ ಸರಿಯಾಗಿ ಮರದ ತುಂಡಿಗೆ ಕೂರಿಸಬೇಕಿತ್ತು. ಖರ್ಚಿಗೆ ಹೆದರಿ ಜನ ಒಂದೇ ಚಿತ್ರ ಹಾಕಿಸುತ್ತಿದ್ದರು. ಆದರೆ ಮಗ ಮೇಜು ಸ್ವಚ್ಛ ಮಾಡಿದನೆಂದು ಆ ಬ್ಲಾಕ್ ಪುಟದಿಂದ ಮಾಯವಾಗುತ್ತಿರಲಿಲ್ಲ. ಇಷ್ಟಾದರೂ, ಗುಂಪುಚಿತ್ರದ ಅಂಚಿನಲ್ಲಿ ಸೆರಗು ಸರಿಪಡಿಸುತ್ತ ಮುಖ ಅರ್ಧ ತಿರುಗಿಸಿರುವ ಮುತ್ತಜ್ಜಿಯನ್ನು ನಾನು ಇಷ್ಟು ಹತ್ತಿರದಿಂದ ನೋಡಿದ್ದು ಈ ತಿರುಗಿಸುವ ಕೆಲಸದಲ್ಲಿಯೇ. ಆಕೆಯದೆಂದು ಇರುವ ಚಿತ್ರ ಅದೊಂದೇ. ಮೂಗು ನನ್ನ ಅಕ್ಕನದು.

ನಿನ್ನೆ ಮುದ್ರಣಾಲಯದಿಂದ ಕರಡು ಬಂತು. ಎಲ್ಲರೂ ನೆಟ್ಟಗೆ ನಿಂತಿದ್ದರು, ಎಲ್ಲರೂ ಪುಟದೊಳಗಿದ್ದರು, ಒಂದೂ ಚೌಕ ಖಾಲಿಯಿರಲಿಲ್ಲ. ಜೊತೆಗೆ ಪುಟ ಕಟ್ಟುವ ಹುಡುಗನ ಕರೆಯೂ ಬಂತು: “ಸಾರ್, ಗ್ರೂಪ್ ಫೋಟೋದಲ್ಲಿ ನಿಂತವರ ಹೆಸರು ನಾಲ್ಕೇ ಕೊಟ್ಟಿದ್ದೀರಿ. ಮಧ್ಯದಲ್ಲಿ ಮೊಬೈಲ್ ಹಿಡಿದುಕೊಂಡಿದ್ದಾರಲ್ಲ, ಆ ಹಿರಿಯರ ಹೆಸರೇನು?”