ಗುಂಡೆಗ್ಮಾ ಚಿನ್ನವನ್ನು ಕೈಚೆಲ್ಲಲಿಲ್ಲ

ಮಂಗೋಲಿಯಾದ ಪಿಸ್ತೂಲ್ ಶೂಟರ್ ಒತ್ರ್ಯಾದಿನ್ ಗುಂಡೆಗ್ಮಾ ಅವರು 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಒತ್ತಡಕ್ಕೆ ಸಿಲುಕಿ ಚಿನ್ನವನ್ನು ಕೈಚೆಲ್ಲಿದರು ಎಂದು ಅವರ ಕುರಿತ ಲೇಖನವೊಂದರಲ್ಲಿ ಲೇಖಕರು ಹೇಳಿರುವ ಮಾತನ್ನು ನಾನು ಒಪ್ಪಲಾರೆ. 25 ಮೀಟರ್ ಪಿಸ್ತೂಲ್ ಸ್ಪರ್ಧೆಯ ಅರ್ಹತಾ ಸುತ್ತಿನಲ್ಲಿ 600ಕ್ಕೆ 590 ಅಂಕ ಗಳಿಸಿ, ಚೀನಾದ ಚೆನ್ ಯಿಂಗ್ ಅವರಿಗಿಂತ ಐದು ಅಂಕ ಮುಂದಿದ್ದವರು ಅವರು. ಫೈನಲ್‌ನ 20 ಗುಂಡುಗಳಲ್ಲಿ ಅವರಿಗೆ ದೊರೆತದ್ದು 202.2, ಅಂದರೆ ಪ್ರತಿ ಗುಂಡಿಗೂ ಸರಾಸರಿ ಹತ್ತಕ್ಕಿಂತ ಹೆಚ್ಚು. ತೋಳನ್ನು ಕೆಳಗಿಳಿಸಿ ನಿಂತು, ಗುರಿ ಕಾಣಿಸಿಕೊಳ್ಳುವ ಮೂರೇ ಸೆಕೆಂಡುಗಳಲ್ಲಿ ತೋಳನ್ನು ಎತ್ತಿ, ಗುರಿಯಿಟ್ಟು ಒಂದೇ ಗುಂಡು ಹಾರಿಸಬೇಕಾದ ಈ ಸುತ್ತಿನಲ್ಲಿ ಅಷ್ಟು ಅಂಕ ಗಳಿಸಿದವರನ್ನು ಎದೆಗುಂದಿದವರು ಎನ್ನಲಾದೀತೇ? ಚೆನ್ ಯಿಂಗ್ ಅಂದು ತವರಿನ ಪ್ರೇಕ್ಷಕರೆದುರು 208.4 ಅಂಕ ಗಳಿಸಿದರು; ಚಿನ್ನ ಕೈತಪ್ಪಿದ್ದು ಅದರಿಂದ, ಅದೂ ಎರಡೂ ಸುತ್ತುಗಳ ಅಂಕ ಕೂಡಿಸಿದಾಗ ಬರೀ 1.2 ಅಂಕಗಳಲ್ಲಿ.

ಅಂದು ಕಂಚು ಗೆದ್ದ ಜರ್ಮನಿಯ ದೋರ್ಜ್‌ಸುರೆನ್ ಮುಂಖ್‌ಬಾಯರ್ ಅವರ ಹೆಸರನ್ನೇ ಲೇಖನ ಬಿಟ್ಟಿರುವುದು ನನಗೆ ಇನ್ನೂ ಬೇಸರ ತಂದಿದೆ. 1992ರ ಬಾರ್ಸಿಲೋನಾದಲ್ಲಿ ಇದೇ ಸ್ಪರ್ಧೆಯ ಕಂಚನ್ನು ಮಂಗೋಲಿಯಾಕ್ಕೆ ಗೆದ್ದುಕೊಟ್ಟವರು ಅವರೇ. ಹದಿನಾರು ವರ್ಷಗಳ ನಂತರ, ಬೇರೆ ದೇಶದ ಪರವಾಗಿ, ತಾಯ್ನಾಡಿನ ಶೂಟರ್ ಪಕ್ಕದಲ್ಲೇ ಅವರು ಪದಕ ವೇದಿಕೆ ಏರಿದರು. ಮಂಗೋಲಿಯಾಕ್ಕೆ ಆಗ ಒಂದೂ ಒಲಿಂಪಿಕ್ ಚಿನ್ನ ಬಂದಿರಲಿಲ್ಲ; ಮರುದಿನವೇ ಜೂಡೋದಲ್ಲಿ ತುವ್‌ಶಿನ್‌ಬಾಯರ್ ಅದನ್ನು ತಂದುಕೊಟ್ಟರು. ಆ ಸಂಭ್ರಮದಲ್ಲಿ ಗುಂಡೆಗ್ಮಾ ಅವರ ಬೆಳ್ಳಿ ಮಸುಕಾಗಬಾರದು ಎಂಬುದೇ ನನ್ನ ಆಸೆ.