ಬರೀ ಕಡ್ಲೇಕಾಯಿ ಅಂತೆ!

ಈಗಷ್ಟೇ ಬಸವನಗುಡಿಯ ಕಡ್ಲೇಕಾಯಿ ಪರಿಷೆಯಿಂದ ಬಂದು ಕಾಲನ್ನ ಬಿಸಿನೀರಿನ ಬಕೆಟ್ಟಲ್ಲಿ ಇಳಿಬಿಟ್ಕೊಂಡು ಟೈಪ್ ಮಾಡ್ತಿದ್ದೀನಿ, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳಿ. ಕಾಲು ನೋವಿಗಿಂತ ತಲೆ ಜಾಸ್ತಿ ಬಿಸಿಯಾಗಿದೆ. ದೊಡ್ಡ ಗಣಪತಿ ಗುಡಿ ಹತ್ರ ನನ್ನ ಪಕ್ಕದಲ್ಲೇ ಒಬ್ಬ ಹುಡುಗ, ಇಪ್ಪತ್ತೈದು ಇಪ್ಪತ್ತಾರು ಇರ್ಬಹುದು, ಕಿವೀಲಿ ಬಿಳೀದೊಂದು ಸಿಗಿಸ್ಕೊಂಡು ಫೋನಲ್ಲಿ ಯಾರಿಗೋ ಹೇಳ್ತಿದ್ದ, "ಏನಿಲ್ಲ ಮಚ್ಚಾ, ಬರೀ ಕಡ್ಲೇಕಾಯಿ, ಬರ್ಬೇಡ, ಟೈಮ್ ವೇಸ್ಟು."

ಬರೀ ಕಡ್ಲೇಕಾಯಿ! ಅಲ್ಲಪ್ಪಾ, ಕಡ್ಲೇಕಾಯಿ ಪರಿಷೇಲಿ ಕಡ್ಲೇಕಾಯಿ ಇರದೆ ಐಫೋನ್ ಇರುತ್ತಾ?

ಬಾಯಿಗೆ ಬಂದಿತ್ತು, ನಮ್ಮನೆಯವರು ಕೈ ಹಿಂಡಿದ್ರು, ಸುಮ್ಮನಾದೆ. ಅದಕ್ಕೇ ಇಲ್ಲಿ ಕಾರ್ಕೊಳ್ತಿದ್ದೀನಿ.

ಆ ಹುಡುಗ ನಿಂತಿದ್ದ ಜಾಗದಿಂದ ಎರಡೇ ಹೆಜ್ಜೇಲಿ ಒಬ್ಬ ಅಜ್ಜಿ ಗೋಣಿಚೀಲದ ಮೇಲೆ ರಾಶಿ ಹಾಕ್ಕೊಂಡು ಕೂತಿದ್ಲು. ಚಿಂತಾಮಣಿ ಕಡೆಯೋಳು, ಅರ್ಧ ಕನ್ನಡ ಅರ್ಧ ತೆಲುಗು. ಸೇರಿನ ಡಬ್ಬ ತಳಭಾಗದಲ್ಲಿ ಸ್ವಲ್ಪ ನೆಗ್ಗಿತ್ತು, ನಾನು ಅದನ್ನೇ ನೋಡ್ತಿದ್ದೀನಿ ಅಂತ ಅವಳಿಗೆ ಗೊತ್ತಾಯ್ತು. "ಅಮ್ಮಯ್ಯಾ, ಡಬ್ಬ ನೋಡ್ಬೇಡ, ನನ್ ಕೈ ನೋಡು" ಅಂದ್ಲು. ಸೇರು ತುಂಬಿದ ಮೇಲೆ ಅಂಗೈ ಅಡ್ಡ ಇಟ್ಕೊಂಡು ಮೇಲೆ ಗೋಪುರ ಕಟ್ಟಿದ್ಲು ನೋಡಿ, ಒಂದು ಕಾಯಿ ಜಾರಿದ್ರೆ ಇನ್ನೊಂದು ಇಡ್ತಾಳೆ, ಇನ್ನು ನಿಲ್ಲಲ್ಲ ಅನ್ನೋವರೆಗೂ ಇಟ್ಟು ಆಮೇಲೆ ಚೀಲಕ್ಕೆ ಸುರಿದು, ಅದರ ಮೇಲೆ ಒಂದು ಬೊಗಸೆ ಕೊಸರು. ನಾನು ಕೇಳೇ ಇರ್ಲಿಲ್ಲ. ಕೊಸರು ಅನ್ನೋ ಮಾತು ಕಿವಿಗೆ ಬಿದ್ದು ಎಷ್ಟು ದಿನ ಆಗಿತ್ತು! ಮನೆ ಬಾಗಿಲಿಗೆ ಹತ್ತು ನಿಮಿಷದಲ್ಲಿ ಸಾಮಾನು ತಂದುಕೊಡೋ ಆ್ಯಪಲ್ಲಿ ಕೊಸರಿನ ಬಟನ್ ಇದೆಯಾ? ಹ್ಯಾಂಡ್ಲಿಂಗ್ ಚಾರ್ಜ್ ಇದೆ.

ಹಸೀದು, ಹುರಿದಿದ್ದು, ಬೇಯಿಸಿದ್ದು, ಎರಡು ಬೀಜದ್ದು, ಮೂರು ಬೀಜದ್ದು, ಕೆಂಪು ಸಿಪ್ಪೆ ಪುಟಾಣಿ ನಾಟಿ, ಒಂದೊಂದಕ್ಕೂ ಒಂದೊಂದು ರುಚಿ. ಕಬ್ಬಿಣದ ಬಾಣಲೀಲಿ ಮರಳು ಕಾಯ್ಸಿ ಹುರಿಯೋ ವಾಸನೆ ರಾಮಕೃಷ್ಣ ಆಶ್ರಮದ ಹತ್ರಾನೇ ಮೂಗಿಗೆ ಹೊಡೆಯುತ್ತೆ. ಬೆಂಡು ಬತ್ತಾಸು, ಕಲ್ಯಾಣ ಸೇವೆ, ಬಳೆ, ಪೀಪಿ ಎಲ್ಲಾ ಆಮೇಲೆ. ಪ್ರತಿ ವರ್ಷ ಕಾರ್ತಿಕದ ಕೊನೇ ಸೋಮವಾರ ಅಂತ ಲೆಕ್ಕ, ಈಗ ಮುಂಚಿನಿಂದಲೇ ಶುರುವಾಗಿ ಸೋಮವಾರ ಮುಗಿದ್ರೂ ಮುಗಿಯಲ್ಲ. ಬಸವಣ್ಣ, ಅಂದ್ರೆ ಗೂಳಿ, ರೈತರ ಬೆಳೆ ತಿಂತಿದ್ದ, ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ ಕಡೆ ರೈತರು ಮೊದಲ ಬೆಳೆ ತಂದು ಅವನಿಗೆ ಒಪ್ಪಿಸಿದ್ರು, ಕೆಂಪೇಗೌಡ ಗುಡಿ ಕಟ್ಟಿಸಿದ, ಆ ಕತೆ ನಿಮಗೆಲ್ಲ ಗೊತ್ತು.

ಇಲ್ಲಿ ನಮ್ಮ ಬ್ಯಾಂಕಿನ ಸಹೋದ್ಯೋಗಿ ಒಬ್ಬರು (ಹೆಸರು ಬೇಡ, ಅವರೇ ಓದ್ತಾರೆ) ಪ್ರತಿ ವರ್ಷ ಮೂಗು ತೂರಿಸ್ತಾರೆ. "ಮೇಡಂ, ಕಡಲೆಕಾಯಿ ದಕ್ಷಿಣ ಅಮೆರಿಕದ್ದು, ಪೋರ್ಚುಗೀಸರು ತಂದಿದ್ದು, 1537ರಲ್ಲಿ ಸುಂಕೇನಹಳ್ಳೀಲಿ ಎಲ್ಲಿತ್ತು?" ಸರಿ ಸಾರ್. ಒಪ್ಪಿದೆ. ಮೆಣಸಿನಕಾಯೀನೂ ಅಲ್ಲಿಂದಾನೇ ಬಂದಿದ್ದು, ಹಾಗಂತ ನೀವು ಸಾರಿಗೆ ಹಾಕೋದು ಬಿಟ್ಟಿದ್ದೀರಾ? ಕತೆಗೆ ಬರ್ತ್ ಸರ್ಟಿಫಿಕೇಟ್ ಕೇಳೋರ ಜೊತೆ ಪರಿಷೆಗೆ ಹೋಗ್ಬಾರ್ದು.

ಈಗ ಒಂದು ತಪ್ಪೊಪ್ಪಿಗೆ. ಎರಡು ವರ್ಷದ ಹಿಂದೆ ಡಿಸೆಂಬರಲ್ಲಿ ತಮ್ಮನ ಮನೆಗೆ ಅಂತ ಜರ್ಮನಿಯ ನ್ಯೂರೆಂಬರ್ಗಿಗೆ ಹೋಗಿದ್ದೆ, ಆಗ ನೀವೆಲ್ಲ ಫೋಟೋಗೆ ಲೈಕ್ ಒತ್ತಿದ್ರಿ. ಅಲ್ಲಿ ಊರ ನಡುವೆ ಹೌಪ್ಟ್‌ಮಾರ್ಕ್ಟ್ ಅನ್ನೋ ಚೌಕದಲ್ಲಿ ಕ್ರಿಸ್‌ಮಸ್ ಸಂತೆ, ಕೆಂಪು ಬಿಳಿ ಪಟ್ಟಿ ಬಟ್ಟೆ ಹೊದಿಸಿದ ಮರದ ಅಂಗಡಿಗಳು. ಸೊನ್ನೆ ಹತ್ರದ ಚಳೀಲಿ ಮೂಗು ಸೋರಿಸ್ಕೊಂಡು ನಿಂತು ನಾನೇನು ತಿಂದೆ ಗೊತ್ತಾ? ಪೇಪರ್ ಪೊಟ್ಟಣದಲ್ಲಿ ಸುಟ್ಟ ಚೆಸ್ಟ್‌ನಟ್. ಬಿಸಿ ವೈನು ಕುಡಿದೆ (ಅತ್ತೆ ಫೇಸ್‌ಬುಕ್ಕಲ್ಲಿ ಇಲ್ಲ, ಧೈರ್ಯವಾಗಿ ಬರೀತಿದ್ದೀನಿ), ಮಗ್ಗಿಗೆ ಬೇರೆ ಡೆಪಾಸಿಟ್ ಕೊಡ್ಬೇಕು. ಒಣಗಿಸಿದ ಪ್ಲಮ್ ಹಣ್ಣು ತಂತಿಗೆ ಪೋಣಿಸಿ ಮಾಡಿರೋ ಪುಟಾಣಿ ಗೊಂಬೆ ಕೊಂಡೆ, ರೂಪಾಯಿ ಲೆಕ್ಕ ಹಾಕಿದ್ರೆ ಎದೆ ಒಡೆಯುತ್ತೆ. ನಲವತ್ತು ಫೋಟೋ ಹಾಕಿದ್ದೆ! "ಬರೀ ಚೆಸ್ಟ್‌ನಟ್" ಅಂತ ನಾನೂ ಅನ್ಲಿಲ್ಲ, ನೀವೂ ಅನ್ಲಿಲ್ಲ. ಎಲ್ಲರೂ "ವಾವ್ ಮ್ಯಾಜಿಕಲ್" ಅಂದ್ರಿ. ಅದೂ ಚೆನ್ನಾಗೇ ಇತ್ತು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಅಲ್ಲಿ ಹುರಿದಿದ್ದು ಮ್ಯಾಜಿಕ್ಕು, ಬಸವನಗುಡೀಲಿ ಹುರಿದಿದ್ದು ವೇಸ್ಟು ಹೆಂಗಾಗುತ್ತೆ?

ಇನ್ನೂ ಒಂದು ಹೇಳ್ಬಿಡ್ತೀನಿ, ಇದು ಅದಕ್ಕಿಂತ ಮಾನಗೆಟ್ಟ ವಿಷಯ. ನಾನು ಮದುವೆಯಾಗಿ ಹನುಮಂತನಗರಕ್ಕೆ ಬಂದು ಇಪ್ಪತ್ತೆರಡು ವರ್ಷ. ಅದರಲ್ಲಿ ಹದಿನೈದು ವರ್ಷ ಕೆಂಪಾಂಬುಧಿ ಕೆರೆ ಹತ್ರದ ಕಲ್ಲು ಗೋಪುರಾನ ನೀರಿನ ಬೋರ್ಡಿನೋರ ಹಳೇ ಪಂಪ್‌ಹೌಸ್ ಅಂದ್ಕೊಂಡಿದ್ದೆ. ನಿಜವಾಗ್ಲೂ. ಕೆಂಪೇಗೌಡರ ಕಾಲದ ನಾಲ್ಕು ಗಡಿ ಗೋಪುರಗಳಲ್ಲಿ ಅದೂ ಒಂದು, ಉಳಿದವು ಲಾಲ್‌ಬಾಗ್ ಬಂಡೆ ಮೇಲೆ, ಹಲಸೂರು ಕೆರೆ ಹತ್ರ, ಮೇಖ್ರಿ ಸರ್ಕಲ್ ಹತ್ರ ಅಂತ ಹೇಳಿದ್ದು ಯಾರು? ಏಳನೇ ಕ್ಲಾಸಲ್ಲಿದ್ದ ನನ್ನ ಮಗ. ಅವತ್ತು ಎಷ್ಟು ನಾಚಿಕೆ ಆಯ್ತು ಅಂದ್ರೆ ಸಂಜೆ ಅವನನ್ನೇ ಕರ್ಕೊಂಡು ಹೋಗಿ ಗೋಪುರ ನೋಡಿ, ಅಲ್ಲಿಂದ ನಡ್ಕೊಂಡೇ ಗವಿಪುರದ ಗಂಗಾಧರೇಶ್ವರನ ಗುಹೆಗೂ ಹೋಗಿ ಬಂದೆ. ಸಂಕ್ರಾಂತಿ ಸಂಜೆ ನಂದಿಯ ಕೊಂಬಿನ ಮಧ್ಯೆ ಬಿಸಿಲು ನುಗ್ಗಿ ಲಿಂಗದ ಮೇಲೆ ಬೀಳುತ್ತಲ್ಲ, ಅದೇ ಗುಡಿ. ಅವತ್ತು ಒಂದು ದಿನ ಟೀವಿ ಕ್ಯಾಮೆರಾ ಎಲ್ಲಾ ಅಲ್ಲೇ. ಉಳಿದ ದಿನ ಅಂಗಳದಲ್ಲಿರೋ ಆ ದೊಡ್ಡ ಕಲ್ಲಿನ ಚಕ್ರಗಳು, ಸೂರ್ಯಪಾನ ಚಂದ್ರಪಾನ, ಅವನ್ನ ಕತ್ತೆತ್ತಿ ನೋಡೋಕೆ ಒಬ್ಬರಿಗೂ ಪುರುಸೊತ್ತಿಲ್ಲ.

ನಮ್ಮ ಆಫೀಸಿನ ಹುಡುಗರದ್ದು ಇದೇ ಹಾಡು. ಲಾಂಗ್ ವೀಕೆಂಡ್ ಬಂತು ಅಂದ್ರೆ "ಬೆಂಗಳೂರಲ್ಲಿ ಏನಿದೆ ಮೇಡಂ" ಅಂತ ಬೆಳಗಿನ ಜಾವ ಮೂರಕ್ಕೆ ಎದ್ದು ನಂದಿ ಬೆಟ್ಟದ ಬುಡದಲ್ಲಿ ಕಾರಿನ ಹಿಂದೆ ಕಾರು ನಿಲ್ಸಿ ಮಂಜಿನ ಬದಲು ಹೊಗೆ ಕುಡಿದು ಬರ್ತಾರೆ. ಅದೇ ಮೂರಕ್ಕೆ ಎದ್ದು ಆಯುಧಪೂಜೆ ಹಿಂದಿನ ದಿನ ಕೆ.ಆರ್. ಮಾರ್ಕೆಟ್ಟಿಗೆ ಬನ್ರೋ ಅಂದೆ. ಒಬ್ಬ ಬಂದ. ಒಬ್ಬನೇ. ಮೇಲಿನ ಮಹಡಿ ಕಟ್ಟೆಯಿಂದ ಕೆಳಗೆ ನೋಡಿಸಿದೆ. ಸೇವಂತಿಗೆ ಹಳದಿ, ಚೆಂಡುಹೂವಿನ ಕೇಸರಿ, ಮಧ್ಯದಲ್ಲಿ ಕನಕಾಂಬರದ ಕುಕ್ಕೆ, ಹೊರಗಡೆ ಬೂದುಗುಂಬಳದ ಬೆಟ್ಟ, ಬಾಳೆಕಂದು ಹೊತ್ಕೊಂಡು "ಸೈಡ್ ಸೈಡ್" ಅಂತ ನುಗ್ಗೋ ಕೂಲಿಯವರು. ಮಲ್ಲಿಗೆ ಮಾರೋಳು ಒಂದು ಮಾರು ಅಳೀವಾಗ ಕೈ ಎಷ್ಟು ಚಾಚ್ತಾಳೆ, ಮೊಣಕೈ ಎಲ್ಲಿ ಮಡಚ್ತಾಳೆ ಅಂತ ನೋಡೋದೇ ಒಂದು ಕಲೆ. ಹುಡುಗ ಅರ್ಧ ಗಂಟೆ ಬಾಯಿ ಬಿಚ್ಲಿಲ್ಲ. ಆಮೇಲೆ "ಮೇಡಂ, ಇದು ಪ್ರತಿ ವರ್ಷ ನಡೆಯುತ್ತಾ?" ಅಂದ. ಇಲ್ಲಪ್ಪಾ, ನಿನಗೋಸ್ಕರ ಅರೇಂಜ್ ಮಾಡ್ಸಿದ್ದು!

ಅಲ್ಲಿಂದ ರಸ್ತೆ ದಾಟಿದ್ರೆ ಕೋಟೆ. ಬೆಂಗಳೂರು ಕೋಟೆ ಅಂತ ಉಳಿದಿರೋದೇ ಆ ದೆಹಲಿ ಬಾಗಿಲು ಮತ್ತೆ ಅದರ ಅಕ್ಕಪಕ್ಕದ ಗೋಡೆ. ಹೈದರ್ ಅಲಿ 1761ರಲ್ಲಿ ಕಲ್ಲಲ್ಲಿ ಕಟ್ಟಿಸಿದ್ದು. ಗೋಡೇಲಿ ಒಂದು ಫಲಕ ಇದೆ, ಇಲ್ಲಿಂದಾನೇ ಗೋಡೆ ಒಡೆದು ಬ್ರಿಟಿಷರು ನುಗ್ಗಿದ್ರು, 21 ಮಾರ್ಚ್ 1791 ಅಂತ. ಕಾರ್ನ್‌ವಾಲಿಸ್ ಸೈನ್ಯ. ಅದರ ಮುಂದೆ ಈಗ ಬಸ್ಸಿನೋರು ಹಾರ್ನ್ ಹೊಡ್ಕೊಂಡು, "ಬನಶಂಕರಿ ಬನಶಂಕರಿ" ಅಂತ ಕೂಗ್ಕೊಂಡು ಹೋಗ್ತಾರೆ, ದಿನಕ್ಕೆ ಸಾವಿರಾರು ಜನ ಆ ಗೋಡೆ ಪಕ್ಕಾನೇ ಬಸ್ ಹಿಡೀತಾರೆ, ಫಲಕ ಓದಿದೋರು ಎಷ್ಟು ಜನ ಸಿಗ್ತಾರೆ ಕೇಳಿ ನೋಡಿ. ಕೇಳಿದ್ರೆ ಗೊತ್ತಲ್ಲ ಉತ್ತರ, "ಅಲ್ಲೇನಿದೆ, ಬರೀ ಗೋಡೆ."

ಬೆಂಗಳೂರಿನ ದಕ್ಷಿಣಕ್ಕಿರೋ ಬೇಗೂರಿಗೆ ಹೋದ್ರೆ "ಬರೀ ಕಲ್ಲು." ನಾಗೇಶ್ವರ ದೇವಸ್ಥಾನದ ಹತ್ರ ಸುಮಾರು ಕ್ರಿ.ಶ. 900ರ ಹೊತ್ತಿನ ಶಾಸನ, ಅದರಲ್ಲಿ ಬೆಂಗಳೂರ ಕಾಳಗ ಅಂತ ಹಳಗನ್ನಡದಲ್ಲಿ ಕೆತ್ತಿದೆ, ಗಂಗರ ಕಾಲದ ಅಧಿಕಾರಿ ನಾಗತ್ತರನ ಮನೆಮಗ ಒಬ್ಬ ಆ ಕಾಳಗದಲ್ಲಿ ಸತ್ತ ಅಂತ. ಬಲ್ಲಾಳರಾಯನಿಗೆ ಮುದುಕಿ ಬೆಂದಕಾಳು ಕೊಟ್ಳು ಅನ್ನೋ ಕತೆಗಿಂತ ಮುನ್ನೂರು ವರ್ಷ ಹಿಂದೇನೇ ಈ ಊರಿಗೆ ಹೆಸರಿತ್ತು! (ನೋಡಿದ್ರಾ, ನಾನೂ ಈಗ ಕತೆಗೆ ಬರ್ತ್ ಸರ್ಟಿಫಿಕೇಟ್ ಕೇಳ್ದೆ. ಸಹೋದ್ಯೋಗಿ ಮಹಾಶಯರೇ, ನಗ್ಬೇಡಿ.) ಸುತ್ತ ಅಪಾರ್ಟ್‌ಮೆಂಟು, ಇಪ್ಪತ್ತನೇ ಮಹಡಿ ಬಾಲ್ಕನಿಯಿಂದ ದೇವಸ್ಥಾನ ಕಾಣುತ್ತೆ, ಅಲ್ಲಿ ಕೂತು ಗೂಗಲ್ ಮಾಡ್ತಾರೆ, ಬೆಂಗಳೂರಿನ ಹತ್ರ ನೋಡೋ ಜಾಗ ಯಾವುದು ಅಂತ.

ಗೊತ್ತು, ಈಗ ಯಾರಾದ್ರೂ ಬಂದೇ ಬರ್ತೀರಿ, "ಅಕ್ಕಾ, ಪರಿಷೇಲಿ ಕಾಲಿಡೋಕೆ ಜಾಗ ಇಲ್ಲ, ಕಸ, ಪಾರ್ಕಿಂಗ್ ಇಲ್ಲ, ಮಗೂನ ಕರ್ಕೊಂಡು ಹೆಂಗ್ ಬರೋದು" ಅಂತ. ಕಸ ಇದೆ, ನಿಜ. ಇವತ್ತೂ ಬುಲ್ ಟೆಂಪಲ್ ರಸ್ತೆ ತುಂಬಾ ಪ್ಲಾಸ್ಟಿಕ್ ಕವರ್ ಕಾಲಿಗೆ ಸಿಗ್ತಿತ್ತು, ಯಾರೋ ನನ್ನ ಚಪ್ಪಲಿ ಹಿಂದಿಂದ ತುಳಿದು ಕಿತ್ತೇಬಿಟ್ರು, ಅರ್ಧ ದಾರಿ ಕಾಲೆಳ್ಕೊಂಡೇ ಬಂದಿದ್ದು. ಅದಕ್ಕೇ ಈ ಬಿಸಿನೀರು. ಆದ್ರೆ ಮಾಲ್‌ನಲ್ಲಿ ಭಾನುವಾರ ಪಾರ್ಕಿಂಗಿಗೆ ಮುಕ್ಕಾಲು ಗಂಟೆ ಕಾಯೋವಾಗ ಮಗು ಅಳಲ್ವಾ? ಬಸ್ಸಲ್ಲಿ ಬನ್ನಿ, ಬಟ್ಟೆ ಚೀಲ ತನ್ನಿ, ಬೆಳಗ್ಗೆ ಎಂಟಕ್ಕೇ ಬನ್ನಿ, ರಶ್ ಇರಲ್ಲ, ಮಾರೋರಿಗೂ ಮಾತಾಡೋಕೆ ಪುರುಸೊತ್ತಿರುತ್ತೆ. ಸಂಜೆ ಏಳಕ್ಕೆ ಕಾರಲ್ಲಿ ಬಂದು ಜನ ಜಾಸ್ತಿ ಅನ್ನೋರು ತಾವೂ ಆ ಜನದಲ್ಲೇ ಸೇರಿದ್ದಾರೆ ಅನ್ನೋದನ್ನ ಮರ್ತಿರ್ತಾರೆ.

ಆ ಹುಡುಗನ ಮೇಲಿನ ಸಿಟ್ಟು ಬರೀತಾ ಬರೀತಾ ಸ್ವಲ್ಪ ಇಳೀತು. ಪಂಪ್‌ಹೌಸ್ ಅಂದ್ಕೊಂಡಿದ್ದೋಳು ನಾನು, ಅವನಾದ್ರೂ ಬಂದು ನೋಡಿ ಆಮೇಲೆ ಬೈದ. ಸ್ವಲ್ಪ ಹೊತ್ತಾದ ಮೇಲೆ ಅದೇ ಅಜ್ಜಿ ಮುಂದೆ ಕುಕ್ಕರಗಾಲಲ್ಲಿ ಕೂತು ಕಾಯಿ ಬಿಡಿಸ್ಕೊಂಡು ತಿಂತಿದ್ದ, ಕೊಂಡಿದ್ನೋ ಕೊಸರೋ ಗೊತ್ತಾಗ್ಲಿಲ್ಲ.

ನಾಳೆ ನಾಡಿದ್ದೂ ಅಂಗಡಿಗಳಿರ್ತವೆ. ಮುಂದಿನ ಭಾನುವಾರ ಬೆಳಗ್ಗೆ ಏಳಕ್ಕೆ ಬೇಗೂರು ಅಂತ ನಾವು ಮೂರು ಜನ ಮಾತಾಡ್ಕೊಂಡಿದ್ದೀವಿ, ಬರೋರು ಇನ್‌ಬಾಕ್ಸಲ್ಲಿ ಹೇಳಿ, "ಅಲ್ಲೇನಿದೆ" ಅಂತ ಮಾತ್ರ ಕೇಳ್ಬೇಡಿ, ಕಾಲಿನ್ನೂ ನೋಯ್ತಿದೆ. ಆರು ಸೇರು ತಂದಿದ್ದೀನಿ. ಅತ್ತೆ ಆಗ್ಲೇ ಉಪ್ಪು ಹಾಕಿ ಕುಕ್ಕರ್ ಏರ್ಸಿದ್ದಾರೆ, ಮೂರನೇ ವಿಷಲ್ ಆಯ್ತು, ಒಲೆ ಆರಿಸು ಅಂತ ಕೂಗ್ತಿದ್ದಾರೆ.